ಎರಡು ನಿಮಿಷದ ಹಾರಾಟಕ್ಕೊಂದು ಆಕ್ಷೇಪಣೆ

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆಯ ಆರ್ಕ್ನಿ ದ್ವೀಪಸಮೂಹದಲ್ಲಿ ಲೋಗನ್‌ಏರ್ ಎಂಬ ಸಣ್ಣ ವಿಮಾನ ಸಂಸ್ಥೆಯು 1967ರಿಂದಲೂ ಗಂಭೀರವಾದ ಆಡಳಿತಾತ್ಮಕ ಲೋಪವೊಂದನ್ನು ಎಸಗುತ್ತ ಬಂದಿದೆ. ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇ ದ್ವೀಪಕ್ಕೆ ಸುಮಾರು 2.7 ಕಿಲೋಮೀಟರ್ ದೂರ. ವೇಳಾಪಟ್ಟಿಯಲ್ಲಿ ಅದಕ್ಕೆ ಕೊಟ್ಟ ಕಾಲ 2 ನಿಮಿಷ. ಗಾಳಿ ಒಲಿದಾಗ 53 ಸೆಕೆಂಡುಗಳಲ್ಲೇ ಹಾರಾಟ ಮುಗಿದ ದಾಖಲೆಯೂ ಉಂಟು. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನವೆಂದು ಪ್ರವಾಸಿಗರು ಹಿಗ್ಗುತ್ತಾರೆ, ಪ್ರಮಾಣಪತ್ರ ಪಡೆದು ಹೋಗುತ್ತಾರೆ. ಆದರೆ 53 ಸೆಕೆಂಡುಗಳಲ್ಲಿ ಒಂದು ಸಮಿತಿಯನ್ನು ರಚಿಸಲು ಸಾಧ್ಯವೇ ಎಂದು ಯಾರೂ ಕೇಳಿದಂತಿಲ್ಲ.

ಆ ಮಾರ್ಗದ ಐಲ್ಯಾಂಡರ್ ವಿಮಾನದಲ್ಲಿ ಕೂರಬಹುದಾದವರು ಎಂಟು ಮಂದಿ. ಸೀಟುಗಳು ತುಂಬಿದರೆ ಒಬ್ಬ ಪ್ರಯಾಣಿಕ ಪೈಲಟನ ಪಕ್ಕದಲ್ಲೇ ಕೂರುವುದರಿಂದ, ನಿರ್ಧಾರ ತೆಗೆದುಕೊಳ್ಳುವವನಿಗೂ ಅದರ ಫಲ ಉಣ್ಣುವವನಿಗೂ ನಡುವೆ ಉಳಿಯುವುದು ಗೇಣುದ್ದದ ಅಂತರ. ಇಂಥ ಸಾಮೀಪ್ಯವನ್ನು ಯಾವ ಇಲಾಖೆ ತಾನೇ ಸಹಿಸೀತು? ನೂರು ಜನರೂ ಇಲ್ಲದ ಪಾಪಾ ವೆಸ್ಟ್ರೇಗೆ ಶಿಕ್ಷಕರು, ವೈದ್ಯರು ಹೀಗೆ ಹಾರಿಹೋಗಿ ತಮ್ಮ ಕೆಲಸ ಮುಗಿಸಿ ಮರಳುತ್ತಾರೆ. ಅವರ ಪ್ರಯಾಣದ ಬವಣೆಯ ಅಧ್ಯಯನಕ್ಕೆ ವರದಿಯೊಂದನ್ನು ಬರೆಸುವ ಸುವರ್ಣಾವಕಾಶ ಹೀಗೆ ದಿನವೂ ಕೈತಪ್ಪುತ್ತಿದೆ.

ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆಯ ಹೊರ ಹೆಬ್ರಿಡೀಸ್ ದ್ವೀಪಸಮೂಹದ ಬಾರ್ರಾ ದ್ವೀಪದ ಪರಿಸ್ಥಿತಿ ಇನ್ನೂ ಶೋಚನೀಯ. ಗ್ಲಾಸ್ಗೋದಿಂದ ಬರುವ ಟ್ವಿನ್ ಆಟರ್ ವಿಮಾನ ಅಲ್ಲಿ ಇಳಿಯುವುದು ಸಮುದ್ರತೀರದ ಮರಳಿನ ಮೇಲೆ. ಮರದ ಕಂಬಗಳಿಂದ ಗುರುತಿಸಿದ ಮೂರು ರನ್‌ವೇಗಳೂ ಉಬ್ಬರದ ವೇಳೆಯಲ್ಲಿ ನೀರಿನಡಿ ಮುಳುಗುತ್ತವೆ. ಇಳಿತಕ್ಕೆ ಹೊಂದಿಕೊಂಡೇ ವೇಳಾಪಟ್ಟಿ ಸಿದ್ಧವಾಗುತ್ತದೆ. ರನ್‌ವೇ ಮುಳುಗಿದೆ ಎಂಬುದಕ್ಕಿಂತ ಉತ್ತಮವಾದ ನೆಪವನ್ನು ಪ್ರಕೃತಿ ಯಾರಿಗೂ ಕೊಟ್ಟಿಲ್ಲ, ಅದೂ ಪ್ರತಿದಿನ, ಉಚಿತವಾಗಿ. ಲೋಗನ್‌ಏರ್‌ನವರು ಅದನ್ನು ನೆಪವಾಗಿ ಬಳಸದೆ ಪಂಚಾಂಗವಾಗಿ ಬಳಸುತ್ತಿದ್ದಾರೆ. ಮಂಜು ಕವಿದರೆ ಹಾರಾಟ ರದ್ದಾಗುತ್ತದೆ, ನಿಜ, ಆದರೆ ಅಲ್ಲೂ ಕಾರಣ ಮಂಜೇ ಆಗಿರುವುದು ಅನುಮಾನಾಸ್ಪದ. ಈ ಮಾರ್ಗಗಳಿಗೆ ಸಾರ್ವಜನಿಕ ಹಣದ ನೆರವೂ ಇದೆ. ನೆರವು ಪಡೆದ ಮೇಲೂ ವಿಮಾನ ಹಾರಿಸುವುದೆಂದರೆ ಸಂಪ್ರದಾಯದ ಬಗ್ಗೆ ಇವರಿಗಿರುವ ಅಜ್ಞಾನ ಎಷ್ಟಿರಬೇಡ!

ಅದೇ ದೇಶದಲ್ಲಿ ಅನುಕರಣೀಯ ಮಾದರಿಯೊಂದು ಕಣ್ಣೆದುರಿಗೇ ಇತ್ತು. ದ್ವೀಪವಾಸಿಗಳಿಗಾಗಿ ಪೋರ್ಟ್ ಗ್ಲಾಸ್ಗೋದ ಫರ್ಗುಸನ್ ಹಡಗುಕಟ್ಟೆಯಲ್ಲಿ ಎರಡು ಹಡಗುಗಳನ್ನು 97 ದಶಲಕ್ಷ ಪೌಂಡ್‌ಗಳಿಗೆ ಕಟ್ಟಿಸಲು 2015ರಲ್ಲಿ ಗುತ್ತಿಗೆಯಾಯಿತು. ಮೊದಲನೆಯದಾದ ಗ್ಲೆನ್ ಸ್ಯಾನಕ್ಸ್ ಅನ್ನು ಸ್ಕಾಟ್ಲೆಂಡ್ ಸರ್ಕಾರದ ಅಂದಿನ ಮುಖ್ಯಸ್ಥೆ, ಫಸ್ಟ್ ಮಿನಿಸ್ಟರ್ ನಿಕೊಲಾ ಸ್ಟರ್ಜನ್ 2017ರ ನವೆಂಬರ್‌ನಲ್ಲಿ ನೀರಿಗಿಳಿಸಿದಾಗ ಅದರ ಮುಂಗಡೆಯ ಕಿಟಕಿಗಳು ಕಿಟಕಿಗಳಾಗಿರಲಿಲ್ಲ, ಬಣ್ಣದಲ್ಲಿ ಬರೆದ ಚಿತ್ರಗಳಾಗಿದ್ದವು. ಆ ಕಲಾಕೃತಿ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2025ರ ಜನವರಿಯಲ್ಲಿ. ನಡುವೆ 2019ರಲ್ಲಿ ಹಡಗುಕಟ್ಟೆಯನ್ನೇ ಸರ್ಕಾರ ವಹಿಸಿಕೊಂಡಿತು, ವೆಚ್ಚ ಹಲವು ಪಟ್ಟು ಬೆಳೆಯಿತು, ವಿಚಾರಣೆಗಳು ನಡೆದವು, ವರದಿಗಳು ಬಂದವು. ಏಳು ವರ್ಷ ದಾಟಿದ ಆ ಕಾಲದಲ್ಲಿ ವೆಸ್ಟ್ರೇಯ ಪೈಲಟ್‌ಗಳು ಎಷ್ಟು ಸಲ ಹಾರಿ ಇಳಿದಿದ್ದಾರೆಂದು ಲೆಕ್ಕ ಹಾಕುವುದು ಸಭ್ಯತೆಯಲ್ಲ.

ಆದ್ದರಿಂದ ಲೋಗನ್‌ಏರ್ ಸಂಸ್ಥೆಯನ್ನು ಸುಧಾರಿಸಲು ಕೆಲವು ಸಲಹೆಗಳು. ಐಲ್ಯಾಂಡರ್ ವಿಮಾನಗಳನ್ನು ನೆಲಕ್ಕಿಳಿಸಿ, ಅವುಗಳ ಸ್ಥಾನದಲ್ಲಿ ಪ್ರೊಪೆಲರ್‌ಗಳನ್ನು ಬಣ್ಣದಲ್ಲಿ ಬರೆದ ಹೊಸ ವಿಮಾನವೊಂದನ್ನು ಬ್ಯಾಂಡಿನೊಂದಿಗೆ ಲೋಕಾರ್ಪಣೆ ಮಾಡಬೇಕು, 2.7 ಕಿಲೋಮೀಟರ್‌ಗಳ ದೂರ ನಿಜಕ್ಕೂ ಅಷ್ಟೇ ಇದೆಯೇ ಎಂಬುದನ್ನು ಪರಿಶೀಲಿಸಲು ಸಲಹೆಗಾರರನ್ನು ನೇಮಿಸಬೇಕು, ಅವರು ಅಲ್ಲಿಗೆ ತಲುಪಲು ಹಡಗಿನಲ್ಲೇ ಹೋಗಬೇಕು. ಬಾರ್ರಾದ ಉಬ್ಬರವಿಳಿತಗಳನ್ನು ಟೆಂಡರ್‌ಗೆ ಒಳಪಡಿಸಿ, ಸಮುದ್ರವು ನಿಗದಿತ ದಿನಾಂಕದೊಳಗೆ ಅರ್ಜಿ ಸಲ್ಲಿಸದಿದ್ದರೆ ಅದರ ಗುತ್ತಿಗೆಯನ್ನು ರದ್ದುಪಡಿಸತಕ್ಕದ್ದು.