ಚಲನವಲನ ವಹಿ

ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಕಡತ ತಿರುವಿದವನಿಗೆ ಸಿನಿಮಾ ನೋಡುವ ಯೋಗ್ಯತೆ ಉಳಿಯುವುದಿಲ್ಲವೆಂಬುದು ನನ್ನ ಹೆಂಡತಿಯ ಅಭಿಪ್ರಾಯ. ನಾಯಕಿ ಕಣ್ಣೀರಿಡುತ್ತಿರುವಾಗ ಹಿಂದಿನ ಗೋಡೆಯ ಕ್ಯಾಲೆಂಡರು ಯಾವ ತಿಂಗಳಿನದೆಂದು ನಾನು ಇಣುಕುತ್ತೇನೆ. ನಾಯಕ ಊರು ಬಿಟ್ಟು ಹೊರಡುವಾಗ ಸೂಟ್‌ಕೇಸು ಅವನ ಕಿರುಬೆರಳಲ್ಲೇ ತೂಗುವುದನ್ನು ಕಂಡು, ಒಳಗೊಂದು ಕರವಸ್ತ್ರವೂ ಇಲ್ಲವೆಂದು ಪಕ್ಕದವರಿಗೆ ತಿಳಿಸುತ್ತೇನೆ. ಇವೆಲ್ಲವನ್ನೂ ಹೇಗೋ ಸಹಿಸಬಹುದು. ಕಚೇರಿಯ ದೃಶ್ಯ ಬಂದರೆ ಮಾತ್ರ ತಾಳಲಾಗದು. ಅಧಿಕಾರಿ ಕಡತ ತೆರೆದು ಮೊದಲ ಪುಟದಲ್ಲೇ ಸಹಿ ಹಾಕಿ ಮುಚ್ಚುತ್ತಾನೆ. ಟಿಪ್ಪಣಿ ಹಾಳೆ ಎಲ್ಲಿ, ಪುಟಸಂಖ್ಯೆ ಎಲ್ಲಿ? ವಿಷಯ ನಿರ್ವಾಹಕನಿಂದ ಅಧೀಕ್ಷಕರಿಗೆ, ಅಲ್ಲಿಂದ ಮೇಲಕ್ಕೆ ಹೋಗಿ, ‘ಚರ್ಚಿಸಿ’ ಎಂಬ ಒಂದೇ ಪದ ಹೊತ್ತು ಹಿಂದಿರುಗಬೇಕಾದ ಕಡತವದು! ಇದನ್ನು ಒಮ್ಮೆ ತುಸು ಗಟ್ಟಿಯಾಗಿಯೇ ಹೇಳಿದಾಗ ಹಿಂದಿನ ಸಾಲಿನವರೊಬ್ಬರು, “ಸ್ವಾಮಿ, ಆಫೀಸಿನಲ್ಲಿ ನಿದ್ದೆ ಮಾಡ್ತೀರಲ್ಲ, ಇಲ್ಲೂ ಅದನ್ನೇ ಮಾಡಿ” ಎಂದಿದ್ದರು.

ಇಂಥ ನನ್ನ ಕಚೇರಿಗೇ ಒಂದು ದಿನ ಚಿತ್ರೀಕರಣದವರು ಬಂದರು. ಅಂದು ನಾಲ್ಕನೆಯ ಶನಿವಾರ. (2019ರಲ್ಲಿ ಸರ್ಕಾರ ನಮಗೆ ಈ ಶನಿವಾರದ ರಜೆಯನ್ನು ಕೊಟ್ಟು, ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು, ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ತುಕೊಳ್ಳುವ ಕಲೆಯನ್ನು ಸರ್ಕಾರಕ್ಕೆ ಯಾರೂ ಹೇಳಿಕೊಡಬೇಕಿಲ್ಲ.) ಕೆಲಸದ ದಿನ ಬಸ್ಸಿನ ಮೇಲೆ ತಪ್ಪು ಹೊರಿಸಿ ತಡವಾಗಿ ಬರುವ ನಾನು, ರಜೆಯ ದಿನ ಬೆಳಿಗ್ಗೆ ಏಳಕ್ಕೇ ಕುತೂಹಲದಿಂದ ಬಾಗಿಲಲ್ಲಿದ್ದೆ.

ಕಲಾ ವಿಭಾಗದವರು ನಮ್ಮ ಕಪಾಟುಗಳನ್ನು ನೋಡಿ, ಸರ್ಕಾರಿ ಕಚೇರಿ ಹೀಗಿದ್ದರೆ ಯಾರೂ ನಂಬುವುದಿಲ್ಲವೆಂದರು. ತಾವೇ ತಂದಿದ್ದ ಹರಕು ಕಡತಗಳನ್ನು ನಮ್ಮವುಗಳ ನಡುವೆ ತುರುಕಿ, ಮೇಲೆ ಮುಲ್ತಾನಿ ಮಿಟ್ಟಿಯ ಪುಡಿಯನ್ನು ಎರಚಿದರು. ಕೇಳಿದ್ದರೆ ಧೂಳನ್ನು ನಾವೇ ಉಚಿತವಾಗಿ ಒದಗಿಸುತ್ತಿದ್ದೆವು. ಅವರಲ್ಲಿ ನನ್ನ ಮನಸ್ಸು ಗೆದ್ದವಳು ಕಂಟಿನ್ಯುಟಿ ನೋಡಿಕೊಳ್ಳುತ್ತಿದ್ದ ಹುಡುಗಿ. ಲೋಟ ಯಾವ ಕೈಯಲ್ಲಿತ್ತು, ಪೆನ್ನು ಯಾವ ಕಡೆ ತಿರುಗಿತ್ತು ಎಂಬುದನ್ನೆಲ್ಲ ಫೋಟೊ ತೆಗೆದಿಟ್ಟುಕೊಂಡು, ಸಂಜೆ ನನ್ನ ಮೇಜಿನ ಗುಂಡುಸೂಜಿಯ ಡಬ್ಬಿಯನ್ನೂ ಮೊದಲಿದ್ದ ಜಾಗದಲ್ಲೇ ಇಟ್ಟುಹೋದಳು. ಕಪಾಟಿನ ಒಳಗಿನ ಫೋಟೊವನ್ನು ಮಾತ್ರ ಅವಳು ತೆಗೆದಿರಲಿಲ್ಲ.

ಸೋಮವಾರ ನನ್ನ ಕಪಾಟಿನಲ್ಲಿ ‘ಭೂಹಗರಣ’ ಎಂದು ದಪ್ಪಕ್ಷರದಲ್ಲಿ ಬರೆದ ಕಡತವೊಂದು ಸಿಕ್ಕಿತು. ಒಳಗಿದ್ದದ್ದು ಹಳೆಯ ಪತ್ರಿಕೆ ಮತ್ತು ಖಾಲಿ ಹಾಳೆ. ಹಗರಣವನ್ನು ಹಗರಣವೆಂದೇ ರಕ್ಷಾಪುಟದ ಮೇಲೆ ಬರೆಯುವಷ್ಟು ಪ್ರಾಮಾಣಿಕ ಕಚೇರಿ ಎಲ್ಲೂ ಇಲ್ಲವಾದ್ದರಿಂದ ಅದು ಸಿನಿಮಾದವರದೆಂದು ತಕ್ಷಣ ತಿಳಿಯಿತು. ಆದರೆ ಎಸೆಯುವುದು ಹೇಗೆ? ಯಾವ ವರ್ಗದ ಕಡತವನ್ನು ಎಷ್ಟು ವರ್ಷ ಉಳಿಸಬೇಕೆಂಬುದಕ್ಕೆ ನಿಯಮವಿದೆ. ಇದು ಯಾವ ವರ್ಗ? ‘ಸದರಿ ಕಡತವು ಯಾವ ಶಾಖೆಗೆ ಸೇರಿದ್ದೆಂದು ತಿಳಿದುಬಂದಿರುವುದಿಲ್ಲ. ಮುಂದಿನ ಆದೇಶಕ್ಕಾಗಿ ಮಂಡಿಸಿದೆ’ ಎಂದು ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಿದೆ. ಹತ್ತೊಂಬತ್ತು ದಿನಗಳ ಬಳಿಕ ಆರು ಸಹಿಗಳೊಂದಿಗೆ ಅದು ಹಿಂದಿರುಗಿತು. ಕೊನೆಯಲ್ಲಿ ‘ಚರ್ಚಿಸಿ’ ಎಂದಿತ್ತು.

ಅದೇ ಹೊತ್ತಿಗೆ ನಮ್ಮದೊಂದು ಅಸಲಿ ಕಡತ ಕಾಣೆಯಾಗಿರುವುದು ಬೆಳಕಿಗೆ ಬಂದಿತು: ಕಡತಗಳನ್ನು ಭದ್ರವಾಗಿಡಲು ಹೊಸ ಕಪಾಟು ಖರೀದಿಸುವ ಕಡತ.

ಐದು ತಿಂಗಳ ಅನಂತರ ಆ ಚಿತ್ರ ಕೆಂಪೇಗೌಡ ರಸ್ತೆಯಲ್ಲಿ ಬಿಡುಗಡೆಯಾಯಿತು. ತುಟಿ ಬಿಚ್ಚುವುದಿಲ್ಲವೆಂದು ಆಣೆ ಮಾಡಿಸಿಕೊಂಡೇ ಹೆಂಡತಿ ಜೊತೆಗೆ ಬಂದಳು. ಸೂಟ್‌ಕೇಸು ಬಂದಿತು, ಸುಮ್ಮನಿದ್ದೆ. ಖಾಲಿ ಲೋಟದಿಂದ ಕಾಫಿ ಕುಡಿದರು, ಆಗಲೂ ಸುಮ್ಮನಿದ್ದೆ. ಮಧ್ಯಂತರಕ್ಕೆ ಸ್ವಲ್ಪ ಮುಂಚೆ ನಾಯಕ ಭ್ರಷ್ಟ ಅಧಿಕಾರಿಯ ಕೋಣೆಗೆ ನುಗ್ಗಿ ಕಡತವೊಂದನ್ನು ಅವನ ಮುಖಕ್ಕೆ ಎಸೆದ. ರಕ್ಷಾಪುಟದ ಮೂಲೆಯಲ್ಲಿ ನನ್ನ ಚಹಾ ಲೋಟದ ಉಂಗುರದ ಗುರುತು, ನಡುವೆ ನನ್ನದೇ ಕೈಬರಹ! ಮೂರು ಸೆಕೆಂಡಿನ ದೃಶ್ಯ. ಸೆಕೆಂಡಿಗೆ 24 ಚಿತ್ರಗಳಂತೆ ಲೆಕ್ಕ ಹಾಕಿದರೆ 72 ಚಿತ್ರಗಳಲ್ಲಿ ಕಪಾಟಿನ ಮೂರು ದರಪಟ್ಟಿಗಳೂ ಅವುಗಳನ್ನು ಹೋಲಿಸಿ ಬರೆದ ಒಂದು ತುಲನಾತ್ಮಕ ತಃಖ್ತೆಯೂ ಗಾಳಿಯಲ್ಲಿ ಹಾರಾಡಿದವು. ಚಿತ್ರೀಕರಣದಲ್ಲಿ ಪ್ರಾಣಿಗಳಿಗೆ ಹಿಂಸೆಯಾಗಿಲ್ಲವೆಂದು ಆರಂಭದಲ್ಲೇ ಘೋಷಿಸಿದ್ದವರು ಕಡತಗಳ ವಿಚಾರದಲ್ಲಿ ಏಕೆ ಮೌನವಾಗಿದ್ದರೆಂದು ಆಗ ಅರ್ಥವಾಯಿತು. “ಅಯ್ಯೋ, ನನ್ನ ಕಪಾಟು!” ಎಂದು ಎದ್ದು ನಿಂತೆ. ಜನ ನಾಯಕನಿಗೆ ಶಿಳ್ಳೆ ಹೊಡೆದರು. ಹೆಂಡತಿ ಆ ಬದಿಯ ಅಪರಿಚಿತ ಅಜ್ಜಿಯೊಡನೆ ಬಂದವಳಂತೆ ಅತ್ತ ವಾಲಿ ಕುಳಿತಳು.

ಮರುದಿನ ಕಡತಗಳ ಚಲನವಲನ ವಹಿಯನ್ನು ತೆರೆದು, ಐದು ತಿಂಗಳಿಂದ ಖಾಲಿ ಇದ್ದ ಅಂಕಣದಲ್ಲಿ ‘ಕಡತವು ಚಲನಚಿತ್ರದಲ್ಲಿದೆ’ ಎಂದು ನಮೂದಿಸಿದೆ. ಅಧೀಕ್ಷಕರು ಅದನ್ನು ಎರಡು ಬಾರಿ ಓದಿ, ಮುಖದಲ್ಲಿ ಯಾವ ಭಾವವನ್ನೂ ತೋರದೆ, ‘ಖುದ್ದು ಸ್ಥಳ ಪರಿಶೀಲಿಸಿ ವರದಿ ಸಲ್ಲಿಸಿ’ ಎಂದು ಬರೆದರು. ಆದೇಶದ ಪ್ರತಿ ಕೈಸೇರಿ ನಾನು ಟಿಕೆಟ್ ಕೊಳ್ಳಲು ಹೋಗುವಷ್ಟರಲ್ಲಿ ಶುಕ್ರವಾರ ಬಂದಿತ್ತು. ಚಿತ್ರ ಅಲ್ಲಿಂದ ಎತ್ತಂಗಡಿಯಾಗಿತ್ತು.