‘ಗಾಟ್’ ಬರೆದರೆ ಮಾರ್ಕು ಯಾಕೆ ಹೋಗಬೇಕು?

ಮೊನ್ನೆ ಅಕ್ಕ ಮಗಳ ಇಂಗ್ಲಿಷ್ ನೋಟ್‌ಬುಕ್ಕಿನ ಒಂದು ಪುಟದ ಫೋಟೋ ಕಳಿಸಿದ್ದಳು. ‘ಐ ಗಾಟ್ ಎ ಲೆಟರ್ ಫ್ರಮ್ ಮೈ ಅಂಕಲ್’ ಅಂತ ಹುಡುಗಿ ಬರೆದಿದ್ದಾಳೆ. ‘ಗಾಟ್’ ಸುತ್ತ ಕೆಂಪು ಶಾಯಿಯ ಸೊನ್ನೆ, ಮೇಲೆ ‘ರಿಸೀವ್ಡ್’ ಅನ್ನುವ ತಿದ್ದುಪಡಿ, ಅರ್ಧ ಮಾರ್ಕು ಕಟ್. ಅಂಚಿನಲ್ಲಿ ‘ಯೂಸ್ ಬೆಟರ್ ವರ್ಡ್ಸ್’ ಅಂತ ಬುದ್ಧಿಮಾತು ಬೇರೆ. ‘ನೀನು ಇಂಗ್ಲೆಂಡಿನಲ್ಲೇ ಇದ್ದೀಯಲ್ಲ, ಹೇಳು, ಇದು ತಪ್ಪಾ?’ ಅಂತ ಅಕ್ಕ ಕೇಳಿದಳು.

ತಪ್ಪಲ್ಲ. ಸ್ವಲ್ಪವೂ ತಪ್ಪಲ್ಲ. ಇಲ್ಲಿ ಯಾರಿಗೆ ಆ ವಾಕ್ಯ ತೋರಿಸಿದರೂ ತಪ್ಪು ಎಲ್ಲಿದೆ ಅಂತ ನನ್ನನ್ನೇ ಕೇಳುತ್ತಾರೆ. ಸಿಟ್ಟು ಬಂದದ್ದು ಅದಕ್ಕೆ. ಅರ್ಧ ಮಾರ್ಕು ಹೋದರೆ ಹೋಗಲಿ, ಸರಿಯಾಗಿ ಬರೆದ ಮಗುವಿಗೆ ‘ನಿನ್ನ ಮಾತು ಸಣ್ಣದು’ ಅಂತ ಕಲಿಸಿದ ಹಾಗಾಯಿತು.

ನಮ್ಮ ಆಫೀಸಿನ ಮ್ಯಾನೇಜರ್ ಡಾಕ್ಟರೇಟ್ ಮಾಡಿದವಳು. ದೊಡ್ಡ ಪದಗಳಿಗೆ ಅವಳಿಗೇನೂ ಬರವಿಲ್ಲ. ಆದರೂ ಬೆಳಗಿಂದ ಸಂಜೆವರೆಗೆ ಅವಳ ಬಾಯಲ್ಲಿ ‘ಗೆಟ್’. ಮಳೆಯಲ್ಲಿ ನೆನೆದರೆ ‘ಗಾಟ್ ವೆಟ್’. ನನ್ನ ಮೇಲ್ ತಲುಪಿದರೆ ಗಾಟ್, ಅದರಲ್ಲಿ ಬರೆದದ್ದು ಅರ್ಥವಾದರೆ ಅದಕ್ಕೂ ‘ಗಾಟ್ ಇಟ್’. ಪ್ರಿಂಟರ್ ರಿಪೇರಿ ಮಾಡಿಸಿದರೆ ‘ಗಾಟ್ ಇಟ್ ಫಿಕ್ಸ್ಡ್’. ಯಾರಿಗಾದರೂ ಬಡ್ತಿಯಾದರೂ ಗಾಟ್, ಕೆಲಸ ಹೋದರೂ ಗಾಟ್. ಇಷ್ಟೆಲ್ಲ ಹೊರೆ ಹೊತ್ತರೂ ಯಾವ ವಾಕ್ಯದಲ್ಲೂ ಗೊಂದಲ ಇಲ್ಲ.

ಈ ಪದದ ಹುಟ್ಟು ಕೂಡ ಸ್ವಾರಸ್ಯ. ದೋಚಲು ಬಂದು, ಆಮೇಲೆ ಇಲ್ಲೇ ಉತ್ತು ಬಿತ್ತಿ ನೆಲೆ ನಿಂತ ವೈಕಿಂಗರ ಮಾತಿನಿಂದ ಇಂಗ್ಲಿಷಿಗೆ ಸೇರಿದ್ದು ‘ಗೆಟ್’. ಅದರ ದಾಯಾದಿಯೊಂದು ಇಂಗ್ಲಿಷಿನಲ್ಲಿ ಮೊದಲೇ ಇತ್ತು, ಬೇರೆ ಪದಗಳಿಗೆ ಅಂಟಿಕೊಂಡು. ‘ಫರ್ಗೆಟ್’ನಲ್ಲಿ ಕಾಣುವುದು ಅದೇ. ರಿಸೀವ್, ಅಬ್ಟೇನ್, ಪರ್ಚೇಸ್ ಇವೆಲ್ಲ 1066ರಲ್ಲಿ ನಾರ್ಮನ್ನರು ಈ ನಾಡು ಗೆದ್ದ ಮೇಲೆ ಫ್ರೆಂಚ್ ಕಡೆಯಿಂದ ಬಂದವು. ಆಳುವವರ, ಕೋರ್ಟು ಕಚೇರಿಯವರ ಮಾತು. ಆ ಗತ್ತು ಇನ್ನೂ ಹೋಗಿಲ್ಲ. ‘ತೀರಿಕೊಂಡರು’ ಅನ್ನುವುದಕ್ಕೂ ‘ನಿಧನರಾದರು’ ಅನ್ನುವುದಕ್ಕೂ ನಮ್ಮ ಕಿವಿಗೆ ಇರುವ ಅಂತರವೇ ಇಲ್ಲಿನವರಿಗೆ ‘ಗೆಟ್’ಗೂ ‘ಅಬ್ಟೇನ್’ಗೂ ಇದೆ.

ಕೆಂಪು ಶಾಯಿಯ ಮೇಷ್ಟ್ರು ಮನೆಯಲ್ಲಿ ಏನು ಮಾತಾಡುತ್ತಾರೆ? ಕಾಗದ ಬಂತು, ಸಂಬಳ ಬಂತು, ಜ್ವರ ಬಂತು, ಕೋಪ ಬಂತು, ನಿದ್ದೆ ಬಂತು ಅನ್ನುತ್ತಾರೆ ತಾನೆ? ಇವಕ್ಕೆಲ್ಲ ಇಂಗ್ಲಿಷಿನಲ್ಲಿ ‘ಗಾಟ್’ ಹೆಚ್ಚುಕಮ್ಮಿ ಸರಿಹೋಗುತ್ತದೆ, ನಿದ್ದೆಗೂ ಕೂಡ. ‘ನನಗೆ ಜ್ವರ ಪ್ರಾಪ್ತವಾಯಿತು’ ಅಂತ ಯಾರಾದರೂ ಹೇಳಿದರೆ ಜ್ವರಕ್ಕಿಂತ ಮೊದಲು ತಲೆಗೆ ಔಷಧ ಕೊಡಿಸಬೇಕು ಅನಿಸುತ್ತದೆ ಅಲ್ವಾ? ಕನ್ನಡದಲ್ಲಿ ನಗು ಬರಿಸುವುದು ಇಂಗ್ಲಿಷಿನಲ್ಲಿ ಮಾತ್ರ ಜಾಣತನ ಹೇಗಾಯಿತು?

ಇದಕ್ಕೆ ಬೇರು ನಮ್ಮ ಗೈಡುಗಳ ಸಿನಾನಿಮ್ ಪಟ್ಟಿಯಲ್ಲಿದೆ. ಎಡಗಡೆ ಸಣ್ಣ ಪದ, ಬಲಗಡೆ ದಪ್ಪ ಪದ, ನಡುವೆ ಈಕ್ವಲ್ ಟು ಗುರುತು. ಬಿಗಿನ್ ಅಂದರೆ ಕಮೆನ್ಸ್, ಎಂಡ್ ಅಂದರೆ ಟರ್ಮಿನೇಟ್, ಗೆಟ್ ಅಂದರೆ ಅಬ್ಟೇನ್. ಉರು ಹೊಡೆ, ಪರೀಕ್ಷೆಯಲ್ಲಿ ಇಳಿಸು. ಆದರೆ ಅವು ಈಕ್ವಲ್ ಅಲ್ಲವೇ ಅಲ್ಲ. ತಾನಾಗಿ ಕೈಸೇರಿದ್ದು ರಿಸೀವ್. ಓಡಾಡಿ, ಅರ್ಜಿ ಹಾಕಿ ದಕ್ಕಿಸಿಕೊಂಡದ್ದು ಅಬ್ಟೇನ್. ದುಡ್ಡು ಕೊಟ್ಟು ತಂದದ್ದು ಪರ್ಚೇಸ್. ನಿಧಾನವಾಗಿ ಕೂಡಿಸಿಕೊಂಡದ್ದು, ಕಲೆಯೋ ಆಸ್ತಿಯೋ, ಅದು ಅಕ್ವೈರ್. ಈ ವ್ಯತ್ಯಾಸ ಹೇಳಿಕೊಡದೆ ಪಟ್ಟಿ ಕೊಟ್ಟರೆ ಮಗು ನಾಳೆ ಜ್ವರವನ್ನೂ ಅಬ್ಟೇನ್ ಮಾಡುತ್ತದೆ. ಅದಕ್ಕೂ ಯಾರೋ ‘ಗುಡ್’ ಅಂತ ಬರೆದಾರು.

ಇಲ್ಲಿ ಗಾಳಿ ಬೀಸುವುದು ಉಲ್ಟಾ ದಿಕ್ಕಿಗೆ. ಹದಿಹರೆಯದವರೆಗೂ ಓದು ಬರಹ ಬಾರದಿದ್ದ ಕ್ರಿಸಿ ಮಾಹರ್ ಎನ್ನುವ ಹೆಂಗಸು 1979ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ನಿಂತು ನೂರಾರು ಸರ್ಕಾರಿ ಕಾಗದಗಳನ್ನು ಚೂರು ಚೂರು ಮಾಡಿದರು. ಜನಸಾಮಾನ್ಯರಿಗೆ ಅರ್ಥವಾಗುವ ಹಾಗೆ ಬರೆಯಿರಿ ಅನ್ನುವುದಷ್ಟೇ ಅವರ ಬೇಡಿಕೆ. ಅವತ್ತು ಶುರುವಾದ ‘ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್’ ಇವತ್ತಿಗೂ ಮಾತಿನಲ್ಲಿದೆ. ಈಗ ಬ್ರಿಟಿಷ್ ಸರ್ಕಾರವೇ ತನ್ನ ವೆಬ್‌ಸೈಟಿಗೆ ಬರೆಯುವವರಿಗೆ ‘ಪರ್ಚೇಸ್’ ಬೇಡ ‘ಬೈ’ ಅನ್ನಿ, ‘ಅಸಿಸ್ಟ್’ ಬೇಡ ‘ಹೆಲ್ಪ್’ ಅನ್ನಿ ಅಂತ ಹೇಳುತ್ತದೆ. ನಮ್ಮ ಗೈಡಿನ ಪಟ್ಟಿಯನ್ನೇ ಹಿಂದುಮುಂದಾಗಿ ಓದಿದ ಹಾಗೆ.

ನಿಘಂಟು ಮಾಡುವವರೂ ಸಣ್ಣ ಪದಕ್ಕೇ ಹೆಚ್ಚು ಬೆವರು ಹರಿಸುತ್ತಾರೆ. ಆಕ್ಸ್‌ಫರ್ಡ್ ನಿಘಂಟಿನ ಪರಿಷ್ಕರಣೆಯಲ್ಲಿ ‘ರನ್’ ಎಂಬ ಮೂರಕ್ಷರದ ಕ್ರಿಯಾಪದಕ್ಕೆ 645 ಅರ್ಥಗಳು ಸಿಕ್ಕವು. ಸಂಪಾದಕ ಪೀಟರ್ ಗಿಲಿವರ್ ಅದೊಂದೇ ಪದದ ಜೊತೆ ಸುಮಾರು ಒಂಬತ್ತು ತಿಂಗಳು ಏಗಿದರು. ದಪ್ಪ ಪದಗಳಿಗೆ ಅಷ್ಟು ಕಷ್ಟ ಬೇಕಿಲ್ಲ. ಅವು ಒಂದೆರಡು ಕೆಲಸ ಮಾಡಿ ಸುಮ್ನೆ ಕೂತುಬಿಡುತ್ತವೆ.

ಹಾಗಂತ ಈ ಸಣ್ಣ ಪದಗಳು ಬಹಳ ಸಾಧು ಅಂದುಕೊಳ್ಳಬೇಡಿ. ಇಲ್ಲಿ ವಾರಾಂತ್ಯದಲ್ಲಿ ನಾವು ಕೆಲವರು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇವೆ. ಇಲ್ಲೇ ಹುಟ್ಟಿದ ಹುಡುಗಿಯೊಬ್ಬಳಿಗೆ ‘ಹಾಕು’ ಅಂದರೆ ‘ಪುಟ್’ ಅಂತ ಯಾರೋ ಹೇಳಿದ್ದರು. ಪುಸ್ತಕ ಬ್ಯಾಗಿಗೆ ಹಾಕು, ಸರಿ. ಅಂಗಿ ಹಾಕು, ಅದೂ ಸರಿ. ‘ಲೈಟ್ ಹಾಕು’ ಅಂದಾಗ ದೀಪ ಹತ್ತಿಸಿದಳು. ಆಮೇಲೆ ‘ಬಾಗಿಲು ಹಾಕು’ ಅಂದೆ. ಹೋಗಿ ಅಗಲವಾಗಿ ತೆರೆದಳು. ಲೈಟ್ ಹಾಕಿದರೆ ಆನ್ ಆಗುತ್ತದಲ್ಲ, ಬಾಗಿಲು ಹಾಕಿದರೆ ಮುಚ್ಚಿಕೊಳ್ಳುವುದು ಯಾಕೆ ಅಂತ ಅವಳ ವಾದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನು ಸಹಿ ಹಾಕುವುದು, ಲೆಕ್ಕ ಹಾಕುವುದು, ಕಣ್ಣೀರು ಹಾಕುವುದು, ಕೋಳಿ ಮೊಟ್ಟೆ ಹಾಕುವುದು, ಯಾರಿಗೋ ನಾಮ ಹಾಕುವುದು ಎಲ್ಲ ಬಾಕಿ ಇತ್ತು. ‘ಹರಿದುಹಾಕು’ ಅಂದಾಗ ಅಲ್ಲಿ ‘ಹಾಕು’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ನಾನೇ ಕೈಬಿಟ್ಟೆ. ಕಿಟ್ಟೆಲ್ 1894ರಲ್ಲಿ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದಾಗ ಇಂಥ ಪದಗಳ ಜೊತೆ ಎಷ್ಟು ಗುದ್ದಾಡಿರಬೇಕೋ.

ಇಲ್ಲಿ ಆ ಮೇಷ್ಟ್ರ ಪರವಾಗಿಯೂ ಒಂದು ಮಾತು ಹೇಳಬೇಕಾಗುತ್ತದೆ, ಮನಸ್ಸಿಲ್ಲದಿದ್ದರೂ. ಹೊರಗಿನಿಂದ ಭಾಷೆ ಕಲಿಯುವವರಿಗೆ ದಪ್ಪ ಪದವೇ ಸುಲಭ. ‘ರಿಕವರ್’ ಅಂದರೆ ಚೇತರಿಸಿಕೊ, ಒಂದು ಸಲ ಕಲಿತರೆ ಮುಗಿಯಿತು. ಆದರೆ ‘ಗೆಟ್ ಓವರ್’, ‘ಗೆಟ್ ಆನ್’, ‘ಗೆಟ್ ಬೈ’, ‘ಗೆಟ್ ಅವೇ ವಿತ್’ ಅಂತ ಬಾಲ ಬದಲಾದ ಹಾಗೆಲ್ಲ ಅರ್ಥ ಬದಲಾದರೆ ಪಾಪ ಮಗು ಏನು ಮಾಡಬೇಕು? ಭಾರತದಲ್ಲಿ ಓದಿ ಬಂದವರು ಇಲ್ಲಿ ಕರಾರು ಪತ್ರವನ್ನು ಸರಾಗವಾಗಿ ಓದುತ್ತಾರೆ, ಕಾರಿಡಾರಿನ ಹರಟೆಯಲ್ಲಿ ತಡವರಿಸುತ್ತಾರೆ. ಅರ್ಧ ಕಲಿಸಿದ್ದಾರೆ ಅಂತಾದರೂ ಒಪ್ಪಬೇಕು.

ಇನ್ನೊಂದನ್ನೂ ಒಪ್ಪಿಬಿಡುತ್ತೇನೆ. ಇಲ್ಲಿನ ಪ್ರೈಮರಿ ಶಾಲೆಗಳಲ್ಲೂ ‘ವಾವ್ ವರ್ಡ್ಸ್’ ಅಂತ ಒಂದು ಪದ್ಧತಿ ಇದೆ. ನೈಸ್ ಬೇಡ, ಸೆಡ್ ಬೇಡ, ಗಾಟ್ ಬೇಡ, ಏನಾದರೂ ಝಗಮಗಿಸುವ ಪದ ಹುಡುಕಿ ಬರೆಯಿರಿ ಅಂತ ಮಕ್ಕಳಿಗೆ ಹೇಳುತ್ತಾರೆ. ಪಕ್ಕದ ಮನೆ ಹುಡುಗನ ಕೈಯಲ್ಲೂ ಅಂಥ ಪಟ್ಟಿ ನೋಡಿದ್ದೇನೆ. ಆದರೆ ಅವನು ಪಟ್ಟಿಯನ್ನು ಬ್ಯಾಗಿನಲ್ಲೇ ಬಿಟ್ಟು ಆಡಲು ಓಡುತ್ತಾನೆ, ಅಲ್ಲಿ ಕೂಗುವುದೆಲ್ಲ ಗೆಟ್, ಗಾಟ್, ಗೆಟ್. ನಮ್ಮ ಹೆಚ್ಚಿನ ಮಕ್ಕಳಿಗೆ ಇಂಗ್ಲಿಷ್ ಸಿಗುವುದೇ ಪಟ್ಟಿಯಲ್ಲಿ. ಆಡುವ ಇಂಗ್ಲಿಷನ್ನು ಅವರಿಗೆ ಯಾರು ಕೊಡುತ್ತಾರೆ?