ಆ ದೀಪಕ್ಕೆ ಆರ್‌ಆರ್ ನಂಬರ್ ಇಲ್ಲ

ಹಗಲು ಹನ್ನೊಂದೂವರೆಗೆ ದೀಪ ಉದ್ಘಾಟನೆ ಮಾಡುವುದನ್ನು ನೀವು ನೋಡಿದ್ದೀರಾ? ನಾನು ಮೊನ್ನೆ ಭಾನುವಾರ ನೋಡಿ ಬಂದೆ. ನಾಲ್ಕು ದಿನವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ಈ ಬರಹ ಉದ್ದವಾಗುತ್ತದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು, ಬೇಸರವಿಲ್ಲ.

ಹೆಗ್ಗಡದೇವನಕೋಟೆ ತಾಲ್ಲೂಕು, ಅಂತರಸಂತೆ ದಾಟಿ ಒಳಗೆ ಹೋದರೆ ಕಾಡಂಚಿನ ಒಂದು ಹಾಡಿ, ಅಂದರೆ ಜೇನು ಕುರುಬ ಬುಡಕಟ್ಟಿನವರ ಪುಟ್ಟ ವಸತಿ. ಹೆಸರು ಬೇಡ. ಪ್ರತಿ ದಸರೆಗೆ ನಾನು ಫೋಟೊ ಹಾಕುತ್ತೇನಲ್ಲ, ಆನೆ ನೋಡಿಕೊಳ್ಳುವ ಆ ಕಾವಾಡಿ ಗೆಳೆಯನ ಮನೆ ಅಲ್ಲಿದೆ. ಅವನ ತಾಯಿಗೆ ಹುಷಾರಿಲ್ಲವೆಂದು ನೋಡಲು ಹೋದವನಿಗೆ ಶಾಮಿಯಾನ ಎದುರಾಯಿತು. ಸೋಲಾರ್ ದೀಪ ವಿತರಣೆಯಂತೆ. ಪ್ಯಾನೆಲ್‌ಗಿಂತ ಆರು ಪಟ್ಟು ದೊಡ್ಡ ಫ್ಲೆಕ್ಸ್. ಫ್ಲೆಕ್ಸ್‌ನಲ್ಲಿ ಹದಿನಾಲ್ಕು ಮುಖ, ಹಾಡಿಯವರದು ಒಂದೂ ಇಲ್ಲ. ಮುಖ್ಯ ಅತಿಥಿಗಳು ಸ್ವಿಚ್ ಒತ್ತಿದರು. ಬಿಸಿಲಿನಲ್ಲಿ ಬಲ್ಬು ಉರಿಯಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಒಬ್ಬರು ಎರಡೂ ಅಂಗೈ ಜೋಡಿಸಿ ಬಲ್ಬಿಗೆ ಮರೆ ಮಾಡಿದರು, ಅತಿಥಿಗಳು ಅದರೊಳಗೆ ಇಣುಕಿ ನೋಡಿ, ‘ಉರಿತಾ ಇದೆ’ ಎಂದು ಘೋಷಿಸಿದರು. ಚಪ್ಪಾಳೆ. ಆಮೇಲೆ ಕೇಸರಿಬಾತು.

ನಾನು ನೋಡುತ್ತಿದ್ದುದು ಬೇರೆಯದನ್ನು. ಶಾಮಿಯಾನದ ಪಕ್ಕದ ಮನೆಯ ಜಗುಲಿಯಲ್ಲಿ ಹಳೆಯ ಬ್ಯಾಟರಿ ಪೆಟ್ಟಿಗೆಯೊಂದಿತ್ತು. ಕೆಲವು ವರ್ಷಗಳ ಹಿಂದೆ ಇದೇ ರೀತಿ ಯಾರೋ ಬಂದು ಕೊಟ್ಟುಹೋದ ಸೋಲಾರ್‌ನದು. ಅದರೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಹಳೆಯ ಪ್ಯಾನೆಲ್ ಕೋಳಿಗೂಡಿನ ಸೂರಾಗಿತ್ತು. ಇಡೀ ಯೋಜನೆಯಲ್ಲಿ ಕೊನೆಯವರೆಗೂ ಪ್ರಯೋಜನ ಪಡೆದ ಏಕೈಕ ಫಲಾನುಭವಿ ಆ ಕೋಳಿ.

ನನ್ನ ಕಸುಬು ನಿಮಗೆಲ್ಲ ಗೊತ್ತು. ಇಪ್ಪತ್ತೆರಡು ವರ್ಷದಿಂದ ಮೈಸೂರಿನಲ್ಲಿ ಬ್ಯಾಟರಿ, ಇನ್ವರ್ಟರ್ ಅಂಗಡಿ. ಈಚೆಗೆ ಸೋಲಾರ್ ಕೂಡ. ಹಾಗಾಗಿ ನಾನು ಸೋಲಾರ್ ವಿರೋಧಿ ಎಂದು ಕಮೆಂಟು ಹಾಕುವ ಶ್ರಮ ತೆಗೆದುಕೊಳ್ಳಬೇಡಿ, ಅದರಿಂದಲೇ ನನ್ನ ಮನೆಯಲ್ಲಿ ಅನ್ನ ಬೇಯುತ್ತಿದೆ. ನನ್ನ ತಕರಾರು ಒಂದೇ. ಬ್ಯಾಟರಿಗೆ ನೀರು ಹಾಕುವವರು ಯಾರು?

ಇದನ್ನೇ ಗುತ್ತಿಗೆದಾರರ ಕಡೆಯ ಹುಡುಗನನ್ನು ಕೇಳಿದೆ. ‘ಐದು ವರ್ಷ ಮೇಂಟೆನೆನ್ಸ್ ಇದೆ ಸಾರ್’ ಎಂದು ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್ ತೋರಿಸಿದ. ಅದರಲ್ಲಿ ಸಹಾಯವಾಣಿಯ ಸಂಖ್ಯೆ. ಅಲ್ಲೇ ಒತ್ತಿ ನೋಡಿದೆ, ನೆಟ್‌ವರ್ಕ್ ಇಲ್ಲ. ಹಾಡಿಯವರು ಫೋನ್ ಮಾಡಬೇಕಾದರೆ ಅರ್ಧ ಕಿಲೊಮೀಟರ್ ನಡೆದು ದಿಬ್ಬ ಹತ್ತುತ್ತಾರೆ. ನಾನೂ ಹತ್ತಿದೆ. ಮೊಂಡುತನ ನಮ್ಮ ಮನೆತನದ ಆಸ್ತಿ. ಸಿಗ್ನಲ್ ಸಿಕ್ಕ ಮೇಲೆ ಕೇಳಿದ ಮಾತು: ‘ನೀವು ಕರೆ ಮಾಡಿದ ಸಂಖ್ಯೆ ಚಾಲ್ತಿಯಲ್ಲಿಲ್ಲ.’ ಉದ್ಘಾಟನೆಯಾಗಿ ಒಂದು ಗಂಟೆಯೂ ಆಗಿರಲಿಲ್ಲ.

ಈಗ ನಿಮ್ಮ ಮನೆಯ ವಿಚಾರಕ್ಕೆ ಬನ್ನಿ. ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಕರೆಂಟು ಹೋದರೆ 1912ಕ್ಕೆ ಕರೆ ಮಾಡುತ್ತೀರಿ. ಅವರು ಕೇಳುವ ಮೊದಲ ಪ್ರಶ್ನೆ ಆರ್‌ಆರ್ ನಂಬರ್, ಅಂದರೆ ಕರೆಂಟು ಬಿಲ್ಲಿನ ಮೇಲಿರುವ ನಿಮ್ಮ ಸಂಪರ್ಕದ ಸಂಖ್ಯೆ, ಯಾವುದು ಎಂದು. ಆ ನಂಬರ್ ಇದ್ದರೆ ನೀವು ಗ್ರಾಹಕ, ನಿಮ್ಮ ಮನೆ ಒಂದು ಕಡತದಲ್ಲಿದೆ, ನಿಮ್ಮ ಕಂಬಕ್ಕೆ ಒಬ್ಬ ಲೈನ್‌ಮನ್ ಇದ್ದಾನೆ. ಬೈಯಲಿಕ್ಕಾದರೂ ಒಬ್ಬನಿದ್ದಾನೆ. 2023ರಲ್ಲಿ ಗೃಹಜ್ಯೋತಿ ಬಂದಾಗಲೂ ಅರ್ಜಿ ಹಾಕಿದ್ದು ಮೀಟರಿನ ಖಾತೆ ಇದ್ದವರು. ತಿಂಗಳಿಗೆ ಇನ್ನೂರು ಯೂನಿಟ್‌ವರೆಗೆ ಉಚಿತ. ಮೀಟರೇ ಇಲ್ಲದ ಹಾಡಿಯ ಮನೆಗೆ ಏನು ಉಚಿತ? ಬಿಸಿಲು. ಅದು ಮೊದಲೂ ಉಚಿತವಾಗಿಯೇ ಇತ್ತು.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಕಸುಬಿನ ಚಟ. ದೂರದ ಮನೆಗಳಿಗೆ ಸರ್ಕಾರಿ ಯೋಜನೆಗಳಲ್ಲಿ ಕೊಡುವುದು ಇನ್ನೂರರಿಂದ ಮುನ್ನೂರು ವಾಟ್‌ನ ಪ್ಯಾನೆಲ್. 2017ರ ಸೌಭಾಗ್ಯ ಯೋಜನೆಯ ಕಾಗದದಲ್ಲಿ ಅದರ ಜೊತೆ ಐದು ಎಲ್‌ಇಡಿ ಬಲ್ಬು, ಒಂದು ಫ್ಯಾನು, ಒಂದು ಪ್ಲಗ್, ಐದು ವರ್ಷದ ದುರಸ್ತಿ ಎಲ್ಲವೂ ಇತ್ತು. ಮುನ್ನೂರು ವಾಟ್ ಪ್ಯಾನೆಲ್‌ಗೆ ದಿನಕ್ಕೆ ನಾಲ್ಕು ಗಂಟೆ ಒಳ್ಳೆಯ ಬಿಸಿಲು ಸಿಕ್ಕಿತು ಎಂದುಕೊಳ್ಳಿ. ಬ್ಯಾಟರಿ ತನ್ನ ಪಾಲು ನುಂಗಿದ ಮೇಲೆ ಉಳಿಯುವುದು ಹೆಚ್ಚೆಂದರೆ ಒಂದು ಯೂನಿಟ್. ತಿಂಗಳಿಗೆ ಮೂವತ್ತು. ನಮಗೆ ಇನ್ನೂರು, ಅವರಿಗೆ ಮೂವತ್ತು, ಅದೂ ಬಿಸಿಲಿದ್ದರೆ. ಹೆಗ್ಗಡದೇವನಕೋಟೆ ಕಡೆ ಆಷಾಢದಲ್ಲಿ ಬಿಸಿಲು ನೆಂಟರ ಹಾಗೆ, ಬಂದರೆ ಬಂತು. ಮೊನ್ನೆ ನಿಲ್ಲಿಸಿದ ಪ್ಯಾನೆಲ್‌ಗಳಲ್ಲಿ ಎರಡರ ಮೇಲೆ ಮಧ್ಯಾಹ್ನವಾಗುತ್ತಲೇ ತೇಗದ ಮರದ ನೆರಳು ಬಿತ್ತು. ಪ್ಯಾನೆಲ್ಲಿನ ಬಿಲ್ಲೆಗಳು ಒಂದರ ಬಾಲಕ್ಕೆ ಒಂದು ಕಟ್ಟಿದಂತಿರುತ್ತವೆ, ಒಂದಕ್ಕೆ ನೆರಳಾದರೆ ಇಡೀ ಸಾಲು ಸೊರಗುತ್ತದೆ. ಕಂಬ ಹತ್ತಡಿ ಆಚೆ ನೆಟ್ಟಿದ್ದರೆ ಸಾಕಿತ್ತು. ಆದರೆ ಅಲ್ಲಿ ನೆಟ್ಟಿದ್ದರೆ ಫೋಟೊದಲ್ಲಿ ಫ್ಲೆಕ್ಸ್ ಬರುತ್ತಿರಲಿಲ್ಲ.

ಇನ್ನು ಆ ಪ್ರಸಿದ್ಧ ವಾದ. ಇಂಥ ಕೆಲಸದಲ್ಲಿರುವವರ ಬಾಯಲ್ಲಿ ನೂರು ಸಲ ಕೇಳಿದ್ದೇನೆ: ‘ಎಷ್ಟು ಕೊಟ್ಟರೂ ಅಷ್ಟೇ ಸಾರ್, ಆ ಜನ ಬ್ಯಾಟರಿ ಮಾರಿಕೊಂಡುಬಿಡುತ್ತಾರೆ.’

ಹೌದು, ಮಾರಿಕೊಳ್ಳುತ್ತಾರೆ. ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಕೊಂಡುಕೊಂಡವನು ನಾನೇ.

ಇದನ್ನು ಈವರೆಗೆ ಎಲ್ಲೂ ಬರೆದಿರಲಿಲ್ಲ. ಏಳೆಂಟು ವರ್ಷದ ಹಿಂದಿನ ಮಾತು. ಒಬ್ಬ ನಡುವಯಸ್ಸಿನ ಮನುಷ್ಯ ಬಸ್ಸಿನಲ್ಲಿ ಗೋಣಿಚೀಲ ಹೊತ್ತುಕೊಂಡು ಬಂದು ಅಂಗಡಿಯ ಮುಂದೆ ಇಳಿಸಿದ. ಒಳಗೆ ಎರಡು ಸೋಲಾರ್ ಬ್ಯಾಟರಿ. ಟರ್ಮಿನಲ್ ತುಂಬ ಹಸಿರು ಕಿಲುಬು. ಮುಚ್ಚಳ ತೆಗೆದರೆ ಒಳಗೆ ಒಂದು ತೊಟ್ಟು ನೀರಿಲ್ಲ, ತಟ್ಟೆಗಳು ಬರಗಾಲದ ಕೆರೆಯ ಹಾಗೆ ಬಿರಿದಿದ್ದವು. ‘ಇದು ಸರಿ ಆಗುತ್ತದಾ ಅಣ್ಣ?’ ಎಂದು ಕೇಳಿದ. ಅವನು ಮಾರಲು ಬಂದಿರಲಿಲ್ಲ, ದುರಸ್ತಿಗೆ ಬಂದಿದ್ದ. ಮೂರು ತಿಂಗಳಿಗೊಮ್ಮೆ ಬ್ಯಾಟರಿ ನೀರು ಹಾಕಬೇಕೆಂದು ಯಾರೂ ಹೇಳಲಿಲ್ಲವೇ ಎಂದೆ. ‘ಮುಟ್ಟಬೇಡಿ, ಶಾಕ್ ಹೊಡೆಯುತ್ತದೆ ಎಂದು ಹೇಳಿ ಹೋದರು’ ಎಂದ. ಹನ್ನೆರಡು ವೋಲ್ಟ್ ಶಾಕ್ ಹೊಡೆಯುವುದಿಲ್ಲ ಸ್ವಾಮಿ! ಆದರೆ ಅವರು ಹೇಳಿದ್ದನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದ. ಬ್ಯಾಟರಿ ಬಾಯಾರಿ ಸತ್ತಿತ್ತು.

ನಾನು ಆಗ ಏನು ಮಾಡಬೇಕಿತ್ತು ಎಂದು ನನಗೆ ಈಗ ಗೊತ್ತು. ಮಾಡಿದ್ದು ಬೇರೆ. ತಕ್ಕಡಿಗೆ ಹಾಕಿದೆ. ಸೀಸದ ತೂಕ ಲೆಕ್ಕ ಹಾಕಿ ಗುಜರಿ ದರಕ್ಕೆ ದುಡ್ಡು ಎಣಿಸಿಕೊಟ್ಟೆ. ಕಿಲೊಗೆ ಹತ್ತು ರೂಪಾಯಿ ಕಡಿಮೆಯೇ ಕೊಟ್ಟೆ ಎಂಬುದನ್ನೂ ಹೇಳಿಬಿಡುತ್ತೇನೆ, ಹೇಗೂ ಶುರು ಮಾಡಿದ್ದಾಗಿದೆ. ಅವನು ನೋಟು ಮಡಿಸಿ ಜೇಬಿಗಿಟ್ಟುಕೊಂಡು, ಖಾಲಿ ಗೋಣಿಚೀಲವನ್ನು ನೀಟಾಗಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದ. ಅದಾದ ಮೇಲೂ ಅಂಥ ಎಷ್ಟೋ ಬ್ಯಾಟರಿ ಬಂದವು, ಎಲ್ಲವನ್ನೂ ತೂಗಿದೆ. ಆದ್ದರಿಂದ ‘ಆ ಜನ ಮಾರಿಕೊಳ್ಳುತ್ತಾರೆ’ ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ನನಗೆ ರೇಗುತ್ತದೆ. ಅವರು ಮಾರಿದ್ದು ಹೆಣವನ್ನು. ಜೀವ ಇದ್ದಾಗ ನೋಡಲು ಯಾರೂ ಬರಲಿಲ್ಲ.

ಹಾಗೆ ನೋಡಿದರೆ ನಮ್ಮ ಪೇಟೆಯವರು ಏನು ಮಹಾ ಜೋಪಾನ ಮಾಡುತ್ತೇವೆ? ನನ್ನ ಗಿರಾಕಿಗಳಲ್ಲಿ ಎಂಜಿನಿಯರುಗಳಿದ್ದಾರೆ, ಪ್ರೊಫೆಸರುಗಳಿದ್ದಾರೆ, ಒಬ್ಬರೂ ತಾವಾಗಿ ಬ್ಯಾಟರಿಗೆ ನೀರು ಹಾಕಿದ್ದನ್ನು ನಾನು ಕಂಡಿಲ್ಲ. ಇನ್ವರ್ಟರ್ ಕಿರುಚಿಕೊಂಡ ಮೇಲೆ ನನಗೆ ಫೋನ್. ನಾನು ಸ್ಕೂಟರಿನಲ್ಲಿ ಹೋಗುತ್ತೇನೆ. ಅವರ ಬ್ಯಾಟರಿ ಐದಾರು ವರ್ಷ ಬಾಳುತ್ತದೆ, ಹಾಡಿಯದು ಎರಡೇ ವರ್ಷ. ಬ್ಯಾಟರಿ ಎರಡೂ ಕಡೆ ಒಂದೇ. ನಡುವಿನ ವ್ಯತ್ಯಾಸ ನನ್ನ ಸ್ಕೂಟರು.

2024ರಲ್ಲಿ ಬಂದ ಸೂರ್ಯಘರ್ ಯೋಜನೆಯಲ್ಲಿ ತಾರಸಿಯ ಮೇಲೆ ಮೂರು ಕಿಲೊವಾಟ್ ಹಾಕಿಸಿದವರಿಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ನಾನೇ ಎಷ್ಟೋ ಜನರಿಗೆ ಅರ್ಜಿ ತುಂಬಿಕೊಟ್ಟಿದ್ದೇನೆ. ಅವರಲ್ಲಿ ಯಾರನ್ನೂ ‘ಆ ಜನ’ ಎಂದು ಯಾರೂ ಕರೆದದ್ದಿಲ್ಲ.

ದುಡ್ಡಿಲ್ಲ ಎನ್ನುವಂತೆಯೂ ಇಲ್ಲ. 2023ರ ನವೆಂಬರ್ 15ರಂದು ಪಿಎಂ ಜನ್‌ಮನ್ ಶುರುವಾಯಿತು, ದೇಶದ 75 ಅತಿ ದುರ್ಬಲ ಬುಡಕಟ್ಟುಗಳಿಗೆಂದೇ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಎರಡೇ, ಜೇನು ಕುರುಬರು ಮತ್ತು ಕೊರಗರು. ತಂತಿ ತಲುಪದ ಒಂದು ಲಕ್ಷ ಮನೆಗಳಿಗೆ ಸೋಲಾರ್ ಕೊಡುವುದೂ ಅದರೊಳಗಿದೆ, 515 ಕೋಟಿ ರೂಪಾಯಿಯ ಬಾಬ್ತು, ಮನೆಗೆ ಸುಮಾರು ಐವತ್ತು ಸಾವಿರದ ಲೆಕ್ಕ. ಒಳ್ಳೆಯದೇ. ಆ ಐವತ್ತು ಸಾವಿರದಲ್ಲಿ ಮೂರು ತಿಂಗಳಿಗೊಮ್ಮೆ ಬರುವ ಮನುಷ್ಯ ಇದ್ದಾನೆಯೇ ಎಂಬುದಷ್ಟೇ ನನ್ನ ಹಳೆಯ ಹಾಡು. ಈಗ ಲಿಥಿಯಂ ಬ್ಯಾಟರಿ ಬಂದಿದೆ, ನೀರೇ ಬೇಡ ಎನ್ನುವವರಿಗೆ: ನೀರು ಬೇಡ, ನಿಜ. ಆದರೆ ಅದರೊಳಗಿನ ಸರ್ಕೀಟು ಮುನಿಸಿಕೊಂಡರೆ ನನ್ನಂಥವನ ಕೈಯಲ್ಲೂ ಆಗುವುದಿಲ್ಲ, ಕಂಪನಿಗೇ ಹೋಗಬೇಕು. ನೀರಿನ ಸಮಸ್ಯೆ ಹೋಯಿತು, ಬರುವವರು ಯಾರು ಎಂಬ ಸಮಸ್ಯೆ ಹಾಗೆಯೇ ಉಳಿಯಿತು.

ತಂತಿಯನ್ನೇ ಎಳೆಯಬಹುದಲ್ಲ ಎಂದು ಕೇಳಿದರೆ, ಕಾಡು ಅಡ್ಡ ಬರುತ್ತದೆ ಎನ್ನುತ್ತಾರೆ. ಆನೆಗೆ ತಂತಿ ತಗುಲುವ ಭಯ ಸುಳ್ಳಲ್ಲ. ನನ್ನ ಕಾವಾಡಿ ಗೆಳೆಯನೇ ಅದಕ್ಕೆ ಎಲ್ಲರಿಗಿಂತ ಹೆಚ್ಚು ಹೆದರುತ್ತಾನೆ. ಆದರೆ ಕಾನೂನು ಅಡ್ಡ ಬರುತ್ತದೆ ಎನ್ನುವುದು ಮಾತ್ರ ಅರ್ಧ ಸತ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಹದಿಮೂರು ಸೌಕರ್ಯಗಳ ಪಟ್ಟಿ ಇದೆ. ಶಾಲೆ, ಅಂಗನವಾಡಿಗಳ ಸಾಲಿನಲ್ಲಿ ವಿದ್ಯುತ್ ತಂತಿಯೂ ಇದೆ, ಅಸಾಂಪ್ರದಾಯಿಕ ಇಂಧನವೂ ಇದೆ. ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ ಎಪ್ಪತ್ತೈದಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಷರತ್ತು ಇಷ್ಟೇ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ನೂರ ನಲವತ್ತು ಕಿಲೊಮೀಟರಿಗೂ ಹೆಚ್ಚು ದೂರ ತಂತಿ ಎಳೆದ ನಾಡು ನಮ್ಮದು. ಹಾಡಿಯ ನೆಲದಲ್ಲೂ ಒಂದಿಷ್ಟು ಚಿನ್ನ ಸಿಕ್ಕಿದ್ದರೆ ಕಾಡು ಅಡ್ಡ ಬರುತ್ತಿತ್ತೇ, ಗೊತ್ತಿಲ್ಲ.

ಅಕ್ಕನ ಮಗ ಅಮೆರಿಕದ ಅರಿಜೋನಾದಲ್ಲಿದ್ದಾನೆ. ಅವನ ಜೊತೆ ಇದನ್ನೆಲ್ಲ ಹೇಳಿಕೊಂಡಾಗ ಅಲ್ಲಿಯ ನವಾಜೊ ಎಂಬ ಬುಡಕಟ್ಟಿನ ಕಥೆ ಹೇಳಿದ. ಅಷ್ಟು ಶ್ರೀಮಂತ ದೇಶದಲ್ಲಿ ಅವರ ಸಾವಿರಾರು ಮನೆಗಳಿಗೆ ಇಂದಿಗೂ ಕರೆಂಟಿಲ್ಲವಂತೆ, ಕೇಳಿ ಸ್ವಲ್ಪ ಸಮಾಧಾನವೇ ಆಯಿತು (ಇದು ಕೆಟ್ಟ ಬುದ್ಧಿ, ಒಪ್ಪುತ್ತೇನೆ). ಆದರೆ ಮುಂದಿನದು ಕೇಳಿ. ಆ ಬುಡಕಟ್ಟಿನವರು 1959ರಲ್ಲೇ ತಮ್ಮದೇ ವಿದ್ಯುತ್ ಸಂಸ್ಥೆ ಕಟ್ಟಿಕೊಂಡರು. ತಂತಿ ಎಳೆಯಲಾಗದ ದೂರದ ಮನೆಗೆ ಆ ಸಂಸ್ಥೆಯೇ ಸೋಲಾರ್ ಹಾಕಿಕೊಟ್ಟು ತಿಂಗಳಿಗಿಷ್ಟು ಎಂದು ಬಾಡಿಗೆ ಪಡೆಯುತ್ತದೆ. ಪೆಟ್ಟಿಗೆ ಸಂಸ್ಥೆಯದು, ಕೆಟ್ಟರೆ ಬರಬೇಕಾದವರೂ ಸಂಸ್ಥೆಯವರೇ. 2019ರಿಂದ ಬೇರೆ ಬೇರೆ ಊರುಗಳ ಸಾರ್ವಜನಿಕ ವಿದ್ಯುತ್ ಸಂಸ್ಥೆಗಳ ಲೈನ್‌ಮನ್‌ಗಳು ತಂಡ ಕಟ್ಟಿಕೊಂಡು ಬಂದು ಅವರಿಗೆ ತಂತಿ ಎಳೆದುಕೊಡುತ್ತಾರಂತೆ. ನಮ್ಮಲ್ಲಿ ಬುದ್ಧಿಯ ಬರವೇನೂ ಇಲ್ಲ. ದೀಪ ಮಾರುವುದಕ್ಕಿಂತ ಮನೆಬಾಗಿಲಿಗೆ ಹೋಗಿ ದುರಸ್ತಿ ಮಾಡುವುದು ದೊಡ್ಡದು ಎಂಬುದನ್ನು ಸೆಲ್ಕೋ ಸೋಲಾರ್ ಕಂಪನಿಯ ಹರೀಶ್ ಹಂದೆಯವರು 1995ರಿಂದ ಇದೇ ಕರ್ನಾಟಕದಲ್ಲಿ ಮಾಡಿ ತೋರಿಸಿದರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಪ್ರಶಸ್ತಿಗೆ ಚಪ್ಪಾಳೆ ಹೊಡೆದೆವು, ಪಾಠ ಅಲ್ಲೇ ಬಿಟ್ಟೆವು.

ನಾನು ಕೇಳುವುದು ಚಿಕ್ಕದು. ಹಾಡಿಯ ಸೋಲಾರ್ ದೀಪಕ್ಕೂ ಒಂದು ಆರ್‌ಆರ್ ನಂಬರ್ ಕೊಡಿ. ಕೊಟ್ಟುಹೋಗುವ ದಾನದ ಲೆಕ್ಕ ಬೇಡ, ಅದು ವಿದ್ಯುತ್ ಸಂಸ್ಥೆಯ ಆಸ್ತಿಯ ಕಡತಕ್ಕೆ ಬರಲಿ. ತಿಂಗಳಿಗೆ ಇಪ್ಪತ್ತೋ ಮೂವತ್ತೋ ಬಿಲ್ ಹಾಕಿ. ಬಿಲ್ ಬಂದರೆ ಬಿಲ್ ಕೊಡುವವನು ಬರುತ್ತಾನೆ, ಬಂದವನ ಕೈಯಲ್ಲಿ ಒಂದು ಕ್ಯಾನ್ ಬ್ಯಾಟರಿ ನೀರಿರಲಿ. ಬಡವರು ಎಲ್ಲಿಂದ ಕೊಡುತ್ತಾರೆ ಎಂದು ಮರುಗುವವರಿಗೆ ಹೇಳುತ್ತೇನೆ, ಆ ಹಾಡಿಯವರು ಊರಿನ ಅಂಗಡಿಯಲ್ಲಿ ಒಂದು ಸಲ ಮೊಬೈಲ್ ಚಾರ್ಜ್ ಮಾಡಿಸಲು ಹತ್ತು ರೂಪಾಯಿ ಕೊಡುತ್ತಿದ್ದಾರೆ. ಹಾಡಿಯಲ್ಲೇ ಹತ್ತನೇ ತರಗತಿ ಮುಗಿಸಿ ಶುಂಠಿ ಕೀಳಲು ಕೊಡಗಿಗೆ, ಕೇರಳಕ್ಕೆ ಹೋಗುವ ಹುಡುಗ ಹುಡುಗಿಯರಿದ್ದಾರೆ. ಅವರಲ್ಲಿ ಇಬ್ಬರನ್ನು ನನ್ನ ಅಂಗಡಿಗೆ ಕಳುಹಿಸಿ, ಒಂದು ತಿಂಗಳು ಸಾಕು. ಸಂಬಳ ಕೊಟ್ಟು ಅವರನ್ನೇ ಲೈನ್‌ಮನ್ ಮಾಡಿ. ಕಲಿಸುವುದಕ್ಕೆ ನಾನು ದುಡ್ಡು ಕೇಳುವುದಿಲ್ಲ. ಕಿಲೊಗೆ ಹತ್ತು ರೂಪಾಯಿಯ ಹಳೆಯ ಬಾಕಿ ಇದೆ.

ಕಳೆದ ದಸರೆಯಲ್ಲಿ ಅರಮನೆ ಆವರಣಕ್ಕೆ ಹೋಗಿದ್ದಾಗ ಸಂಜೆ ಏಳಕ್ಕೆ ಇಡೀ ಅರಮನೆ ಒಮ್ಮೆಗೇ ಹೊತ್ತಿಕೊಂಡಿತು, ಸುಮಾರು ಒಂದು ಲಕ್ಷ ಬಲ್ಬು. ಜನ ಹೋ ಎಂದು ಕೂಗಿದರು. ಆನೆಗಳ ಜೊತೆ ಬಂದು ಅಲ್ಲೇ ಬಿಡಾರದಲ್ಲಿದ್ದ ಗೆಳೆಯನ ಹೆಂಡತಿ ಒಲೆಯ ಮುಂದೆ ಕೂತಿದ್ದಳು. ತಲೆಯೆತ್ತಿ ನೋಡಿ ನನ್ನನ್ನು ಕೇಳಿದಳು: ‘ಅಣ್ಣ, ಇಷ್ಟಕ್ಕೂ ನೀರು ಹಾಕುವವರು ಯಾರು?’ ಅವಳ ಲೆಕ್ಕದಲ್ಲಿ ದೀಪವೆಂದರೆ ಎಲ್ಲೋ ಒಂದು ಬ್ಯಾಟರಿ ಇರಲೇಬೇಕು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಗೆಳೆಯನ ಫೋನು ಬಂತು, ದಿಬ್ಬದ ಮೇಲಿನಿಂದ. ಹೊಸ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿಕೊಂಡಿದೆಯಂತೆ, ಒಳಗಿನ ಬಲ್ಬುಗಳು ಆರಿವೆಯಂತೆ. ಐದನೇ ದಿನಕ್ಕೇ. ‘ನೀನೊಬ್ಬ ಹೋಗಿ ಬಂದರೆ ವ್ಯವಸ್ಥೆ ಸರಿಯಾಗುತ್ತದಾ’ ಎಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ. ಆಗುವುದಿಲ್ಲ. ನಾಳೆ ಅಂಗಡಿ ಮಧ್ಯಾಹ್ನದವರೆಗೆ ಮುಚ್ಚಿರುತ್ತದೆ. ಇನ್ವರ್ಟರ್ ಕಿರುಚಿಕೊಂಡರೆ ಮೂರು ಗಂಟೆಯ ಮೇಲೆ ಕರೆ ಮಾಡಿ.